ಗಲ್ಫ್‌ನ ಸ್ಪಾ ಕೆಲಸ: ಸಹಿ ಹಾಕುವ ಮೊದಲು ಊರಿನವರು ನೋಡಬೇಕಾದದ್ದು

‘ದುಬೈನಲ್ಲಿ ಸ್ಪಾ ಥೆರಪಿಸ್ಟ್ ಬೇಕಾಗಿದ್ದಾರೆ, ವೀಸಾ ಫ್ರೀ, ಊಟ-ವಸತಿ ಫ್ರೀ’ ಎಂಬ ಸಂದೇಶಗಳು ಕಾರವಾರ, ಅಂಕೋಲಾ, ಶಿರಸಿಯ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಜೊತೆಗೆ ವೆಲ್‌ನೆಸ್ (ಆರೋಗ್ಯ-ಆರೈಕೆ) ಉದ್ಯಮದ ದೊಡ್ಡ ಅಂಕಿಯೊಂದು. ಅಂಕಿ ಸುಳ್ಳಲ್ಲ: ಗ್ಲೋಬಲ್ ವೆಲ್‌ನೆಸ್ ಇನ್‌ಸ್ಟಿಟ್ಯೂಟ್ 2023ಕ್ಕೆ ಹಾಕಿದ ಲೆಕ್ಕ 6.3 ಲಕ್ಷ ಕೋಟಿ ಡಾಲರ್. ಆದರೆ ಕ್ರೀಮು, ಆಹಾರ, ಜಿಮ್ಮು, ಪ್ರವಾಸ ಎಲ್ಲವೂ ಅದರಲ್ಲೇ ಸೇರಿವೆ. ಸ್ಪಾ ಅದರೊಳಗಿನ ಸಣ್ಣ ಪಾಲು. ಕೆಲಸವಂತೂ ಇದೆ. ಕಾಗದಪತ್ರ ಸರಿಯಿದ್ದು, ಐದಾರು ವರ್ಷ ಕೈ ಕೆಡಿಸಿಕೊಳ್ಳದೆ ದುಡಿಯಬಲ್ಲ ಜನ ಸಿಗುವುದೇ ಗಲ್ಫ್‌ನ ಮಾಲೀಕರಿಗೆ ಕಷ್ಟ.

ಮೊದಲು ಕಾಗದದ ಮಾತು. ಹೋಟೆಲ್ ಸ್ಪಾ ಬೇರೆ, ಆಯುರ್ವೇದ ಕ್ಲಿನಿಕ್ ಬೇರೆ. ಕ್ಲಿನಿಕ್‌ನಲ್ಲಿ ಚಿಕಿತ್ಸೆ ಕೊಡಬೇಕಾದರೆ ದುಬೈ ಹೆಲ್ತ್ ಅಥಾರಿಟಿಯ ಲೈಸೆನ್ಸ್ ಬೇಕು. ಅದಕ್ಕೂ ಮೊದಲು ಡೇಟಾಫ್ಲೋ ಎಂಬ ಸಂಸ್ಥೆ ನಿಮ್ಮ ಕಾಲೇಜಿಗೇ ಬರೆದು ಸರ್ಟಿಫಿಕೇಟ್ ಅಸಲಿಯೇ ಎಂದು ಕೇಳುತ್ತದೆ. ಮೂರು ತಿಂಗಳ ಕೋರ್ಸ್ ನಡೆಸಿ ಬಾಗಿಲು ಹಾಕಿದ ಸಂಸ್ಥೆಯ ಸರ್ಟಿಫಿಕೇಟ್ ಇಲ್ಲಿಯೇ ಸಿಕ್ಕಿಬೀಳುತ್ತದೆ, ಏಕೆಂದರೆ ಉತ್ತರ ಬರೆಯಲು ಅಲ್ಲಿ ಯಾರೂ ಇರುವುದಿಲ್ಲ. ಇನ್ನೊಂದು ಎಡವಟ್ಟು ಅಪೊಸ್ಟೀಲ್‌ನದು, ಅಂದರೆ ಅಂತರರಾಷ್ಟ್ರೀಯ ಒಪ್ಪಂದವೊಂದರಂತೆ ಕಾಗದಪತ್ರಕ್ಕೆ ಬೀಳುವ ದೃಢೀಕರಣ ಮುದ್ರೆಯದು. ಒಮಾನ್‌ಗೆ ಅದು ಸಾಕು. ದುಬೈ ಇರುವ ದೇಶ ಯುಎಇ ಆ ಒಪ್ಪಂದದಲ್ಲಿ ಇಲ್ಲದ್ದರಿಂದ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ರಾಯಭಾರ ಕಚೇರಿ ಮೂರೂ ಕಡೆ ಮುದ್ರೆ ಬೀಳಬೇಕು.

ವಿಸಿಟ್ ವೀಸಾದಲ್ಲಿ ಬಂದು ‘ಆಮೇಲೆ ಬದಲಾಯಿಸಿಕೊಡುತ್ತೇವೆ’ ಎಂದರೆ ಬೇಡ ಅನ್ನಿ. ಆ ವೀಸಾದಲ್ಲಿ ದುಡಿಯುವುದೇ ಕಾನೂನುಬಾಹಿರ. ಸಂಬಳ ಕೊಡದಿದ್ದರೆ ದೂರು ಕೊಡಲು ಹೋದವರೇ ತಪ್ಪಿತಸ್ಥರಾಗಬಹುದು. ಏಜೆಂಟರ ನೋಂದಣಿ ಸಂಖ್ಯೆಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಅವರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಆಫರ್ ಲೆಟರ್ ಅರೇಬಿಕ್, ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯಲ್ಲೂ ಸಿಗುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಹಿಂದಿಯದನ್ನು ಕೇಳಿ ಪಡೆಯಿರಿ.

ಆಫರ್ ಲೆಟರ್‌ನಲ್ಲಿ ಕಣ್ಣು ಹೋಗಬೇಕಾದ್ದು ಒಟ್ಟು ಸಂಬಳದ ಮೇಲಲ್ಲ, ಬೇಸಿಕ್ (ಮೂಲ ವೇತನ) ಮೇಲೆ. ಯುಎಇಯಲ್ಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಹಣ), ಓವರ್‌ಟೈಮ್ ಎರಡಕ್ಕೂ ಬೇಸಿಕ್ಕೇ ಆಧಾರ. ಒಂದು ವರ್ಷ ದಾಟಿದ ಮೇಲೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್ ಗ್ರಾಚ್ಯುಟಿಯಾಗಿ ಕೂಡುತ್ತದೆ. ಒಟ್ಟು 2,500 ದಿರ್ಹಮ್ ಎಂದಿಟ್ಟುಕೊಳ್ಳಿ. ಬೇಸಿಕ್ 1,000 ಆದರೆ ಮೂರು ವರ್ಷಕ್ಕೆ ಸಿಗುವುದು 2,100 ದಿರ್ಹಮ್. 1,800 ಆದರೆ 3,780. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಮಾಲೀಕರಿಗಿಲ್ಲ.

ಇನ್ನು ಕೋಣೆಯೊಳಗೆ. ಟ್ರೇಡ್ ಟೆಸ್ಟ್‌ನಲ್ಲಿ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆಯಲ್ಲಿ, ಹೆಚ್ಚಿನವರು ಸೋಲುವುದು ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುವ ಶಿರೋಧಾರೆಯಲ್ಲಿ. ಒಂದೂವರೆಯಿಂದ ಎರಡು ಲೀಟರ್ ಎಣ್ಣೆ, ಬಿಸಿ 38ರಿಂದ 40 ಡಿಗ್ರಿ, ಹಣೆಯಿಂದ ನಾಲ್ಕು ಬೆರಳು ಎತ್ತರ: ಇಷ್ಟು ಎಲ್ಲರಿಗೂ ಬಾಯಿಪಾಠ. ಊರಿನ ಸೆಕೆಯಲ್ಲಿ ಕಲಿತವರಿಗೆ ಏಸಿ ಕೋಣೆಯ ಆಟ ಗೊತ್ತಿರುವುದಿಲ್ಲ. 22 ಡಿಗ್ರಿಯಲ್ಲಿ ಎಣ್ಣೆ ಬೇಗ ಆರುತ್ತದೆ, ದಪ್ಪಗಾಗುತ್ತದೆ, ಧಾರೆ ಸಣ್ಣಗಾಗಿ ತುಂಡಾಗುತ್ತದೆ. ಗಾಳಿ ನೇರ ಬಡಿದರೆ ಧಾರೆ ಓಲಾಡಿ ಕಣ್ಣಿಗಿಳಿಯುತ್ತದೆ. ಪಾತ್ರೆಯನ್ನು ಏಸಿಯ ಬಾಯಿಂದ ದೂರ ಸರಿಸಿ, ಕಣ್ಣಿಗೆ ಹತ್ತಿ ಮುಚ್ಚಿ, ಕೆಳಗೆ ಕೂಡಿದ ಎಣ್ಣೆಯನ್ನು ಆಗಾಗ ಬಿಸಿಮಾಡಿ ಮೇಲಕ್ಕೆ ಸುರಿಯುತ್ತಿರಬೇಕು. ಅದೇ ಎಣ್ಣೆಯನ್ನು ಇನ್ನೊಬ್ಬ ಅತಿಥಿಗೆ ಬಳಸುವಂತಿಲ್ಲ.

ಎಳ್ಳೆಣ್ಣೆ ನಮಗೆ ನಿರುಪದ್ರವಿ. ಪಾಶ್ಚಾತ್ಯರಲ್ಲಿ ಕೆಲವರಿಗೆ ಎಳ್ಳೆಂದರೆ ಅಲರ್ಜಿ. ಅಮೆರಿಕದಲ್ಲಿ 2023ರಿಂದ ಆಹಾರದ ಲೇಬಲ್‌ನಲ್ಲಿ ಎಳ್ಳು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕ. ನಮ್ಮ ತೈಲಗಳಲ್ಲಿ ಬಹುಪಾಲು ಎಳ್ಳೆಣ್ಣೆಯಲ್ಲೇ ಕಾಯಿಸಿದವು, ಆದ್ದರಿಂದ ಅತಿಥಿಯ ಆರೋಗ್ಯದ ಫಾರ್ಮ್ ತುಂಬಿಸುವಾಗ ಬಿಪಿ, ಗರ್ಭ, ರಕ್ತ ತೆಳುಮಾಡುವ ಮಾತ್ರೆಗಳ ಜೊತೆ ಎಳ್ಳನ್ನೂ ಹೆಸರಿಟ್ಟು ಕೇಳಬೇಕು.

ಯಾವ ಕೋರ್ಸೂ ಕಲಿಸದ ಅಪಾಯವೊಂದಿದೆ: ಟವೆಲ್. ಎಣ್ಣೆ ಕುಡಿದ ಟವೆಲನ್ನು ತಣ್ಣೀರಲ್ಲಿ ಒಗೆದರೆ ಎಣ್ಣೆ ನೂಲಿನಲ್ಲೇ ಉಳಿಯುತ್ತದೆ. ಅದನ್ನು ಡ್ರೈಯರ್‌ಗೆ ಹಾಕಿ, ಬಿಸಿಬಿಸಿಯಾಗಿಯೇ ಮಡಚಿ ಒಂದರ ಮೇಲೊಂದು ಪೇರಿಸಿದರೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ತಾನೇ ಶಾಖ ಹುಟ್ಟಿಸುತ್ತದೆ. ರಾಶಿಯ ನಡುವಿನ ಶಾಖಕ್ಕೆ ಹೊರದಾರಿಯಿಲ್ಲ. ಗಂಟೆಗಳ ನಂತರ, ಎಲ್ಲರೂ ಮನೆಗೆ ಹೋದ ಮೇಲೆ, ಹೊಗೆಯಾಡಿ ಬೆಂಕಿ ಹತ್ತಬಹುದು. ಎಳ್ಳು, ಸೂರ್ಯಕಾಂತಿ ಎಣ್ಣೆಯಲ್ಲಿ ಈ ಅಪಾಯ ಹೆಚ್ಚು, ತೆಂಗಿನೆಣ್ಣೆಯಲ್ಲಿ ಕಡಿಮೆ. 60 ಡಿಗ್ರಿ ನೀರಲ್ಲಿ ಸಾಕಷ್ಟು ಡಿಟರ್ಜೆಂಟ್ ಹಾಕಿ ಒಗೆಯಿರಿ, ಡ್ರೈಯರ್‌ನ ತಂಪಾಗುವ ಸುತ್ತನ್ನು ಅರ್ಧಕ್ಕೆ ನಿಲ್ಲಿಸಬೇಡಿ, ಹರಡಿ ಆರಿಸಿದ ಮೇಲೆಯೇ ಮಡಚಿ. ಒಗೆದರೂ ಜಿಡ್ಡುವಾಸನೆ ಬಿಡದ ಟವೆಲನ್ನು ಎಸೆಯಿರಿ. ಸಂದರ್ಶನದಲ್ಲಿ ಇಷ್ಟನ್ನು ತಾನಾಗಿ ಹೇಳುವ ಅಭ್ಯರ್ಥಿಯನ್ನು ಯಾವ ಮ್ಯಾನೇಜರೂ ಮರೆಯುವುದಿಲ್ಲ.

ಕೈಯ ಲೆಕ್ಕವೂ ಹಾಕಿಕೊಳ್ಳಿ. ಒಂದು ಗಂಟೆಯ ಅಭ್ಯಂಗ ಎಂದರೆ ಹಾಸಿಗೆ ಬದಲಿಸುವುದು ಸೇರಿ ಒಂದೂಕಾಲು ಗಂಟೆ. ಆರು ಮಂದಿಯಾದರೆ ಏಳೂವರೆ ಗಂಟೆ. ಮೊದಲು ಸೋಲುವುದು ಹೆಬ್ಬೆರಳ ಬುಡ. ಮಂಚದ ಪಕ್ಕ ನಿಂತು ಕೈ ಇಳಿಬಿಟ್ಟಾಗ ಬೆರಳಗಂಟು ಹಾಸಿಗೆಗೆ ತಾಗುವಷ್ಟು ಎತ್ತರವಿರಲಿ. ಒತ್ತಡ ಮುಂಗೈಯಿಂದ, ಮೈಭಾರದಿಂದ ಬರಲಿ.

ಹಾಗಾಗಿ ಮಂಚದ ಬದಿಯಲ್ಲೇ ನಿವೃತ್ತಿಯಾಗುವ ಯೋಚನೆ ಬೇಡ. ಬೆಳವಣಿಗೆ ಇರುವುದು ತರಬೇತುದಾರ, ಸ್ಪಾ ಮ್ಯಾನೇಜರ್ ಹುದ್ದೆಗಳಲ್ಲಿ. ಅದಕ್ಕೆ ಬರೆಯುವ ಇಂಗ್ಲಿಷ್, ಸ್ಟಾಕ್ ಲೆಕ್ಕ, ಡ್ಯೂಟಿ ಪಟ್ಟಿ ಮಾಡುವ ಜಾಣ್ಮೆ ಬೇಕು. ಹಲವು ದೇಶಗಳು ಒಪ್ಪುವ ಸಿಡೆಸ್ಕೋ ಅಥವಾ ಐಟೆಕ್ ಡಿಪ್ಲೊಮಾ ಇದ್ದರೆ ದೇಶ ಬದಲಿಸುವುದೂ ಸುಲಭ. ಜರ್ಮನಿಯ ಕನಸಿದ್ದವರಿಗೆ ಒಂದು ಎಚ್ಚರಿಕೆ: ಅಲ್ಲಿ 1939ರ ಕಾನೂನಿನಂತೆ ವೈದ್ಯರು ಮತ್ತು ಪರವಾನಗಿಯ ಹೈಲ್‌ಪ್ರಾಕ್ಟಿಕರ್‌ಗಳು (ವೈದ್ಯರಲ್ಲದ ಪರ್ಯಾಯ ಚಿಕಿತ್ಸಕರು) ಮಾತ್ರ ಸ್ವತಂತ್ರವಾಗಿ ಚಿಕಿತ್ಸೆ ಕೊಡಬಹುದು. ನಮ್ಮಂಥ ಸ್ಪಾ ಥೆರಪಿಸ್ಟ್‌ಗಳದು ಬರೀ ಆರಾಮದ ಮಸಾಜ್. ‘ಮಂಡಿನೋವು ಗುಣ’ ಎಂದು ಬೋರ್ಡ್ ಹಾಕುವಂತಿಲ್ಲ.

ಊರು ಬಿಡಲೊಲ್ಲದವರಿಗೂ ಇಲ್ಲೊಂದು ಬಾಗಿಲಿದೆ. ಕುಮಟಾ, ಹೊನ್ನಾವರ, ಶಿರಸಿಯ ಮನೆಗಳಲ್ಲಿ ಹಿಮ್ಮಡಿ ಒಡಕಿಗೆ ಹಚ್ಚುವ ಮುರುಗಲ ತುಪ್ಪ ವೆಲ್‌ನೆಸ್ ಉದ್ಯಮದಲ್ಲಿ ಕೋಕಂ ಬಟರ್ ಆಗಿ ಕ್ರೀಮು, ಲಿಪ್ ಬಾಮ್‌ಗಳೊಳಗೆ ಹೋಗುತ್ತದೆ. ಮೈಬಿಸಿಗೆ ಮೆತ್ತಗಾಗುತ್ತದೆ, ಬೇಗ ಕಮಟುವುದಿಲ್ಲ. ಆದರೆ ಬೀಜ ಜಜ್ಜಿ ನೀರಲ್ಲಿ ಕುದಿಸಿ ತೆಗೆದ ಮನೆಯ ತುಪ್ಪದಲ್ಲಿ ನೀರಿನಂಶ ಉಳಿದರೆ ವಾಸನೆ ಬರುತ್ತದೆ, ಬಣ್ಣ ಸಲಕ್ಕೊಂದು ಬಗೆ. ಕೊಳ್ಳುವವರು ಪ್ರತಿ ಬ್ಯಾಚ್‌ಗೂ ಆಸಿಡ್ ವ್ಯಾಲ್ಯೂ, ಪೆರಾಕ್ಸೈಡ್ ವ್ಯಾಲ್ಯೂ (ತುಪ್ಪ ಎಷ್ಟು ಕೆಟ್ಟಿದೆ ಎಂದು ತೋರಿಸುವ ಅಳತೆಗಳು), ಭಾರಲೋಹದ ವರದಿ ಕೇಳುತ್ತಾರೆ. ತಯಾರಾದ ಕ್ರೀಮನ್ನೇ ಯುರೋಪಿಗೆ ಮಾರಹೊರಟರೆ ಅಲ್ಲಿನ ಸೌಂದರ್ಯವರ್ಧಕಗಳ 1223/2009 ನಿಯಮದಂತೆ ಯುರೋಪಿನೊಳಗೆ ಮಾಲಿಗೆ ಹೊಣೆ ಹೊರುವ ಒಬ್ಬ ಜವಾಬ್ದಾರ, ಸುರಕ್ಷತಾ ವರದಿ, ಪೋರ್ಟಲ್ ನೋಂದಣಿ ಎಲ್ಲ ಬೇಕು. ಸಣ್ಣ ಸೊಸೈಟಿ, ಸ್ವಸಹಾಯ ಸಂಘಗಳಿಗೆ ಕಚ್ಚಾ ತುಪ್ಪದಿಂದ ಶುರುಮಾಡುವುದೇ ಲೇಸು. ಬೇಸಿಗೆಯ ಕಂಟೇನರ್‌ನಲ್ಲಿ ಮಾತ್ರ ಕಳಿಸಬೇಡಿ: ಕರಗಿ ಮತ್ತೆ ಗಟ್ಟಿಯಾಗುವಾಗ ಹರಳುಗಟ್ಟಬಹುದು, ಆಗ ಮಾಲು ತಿರುಗಿ ಬರುತ್ತದೆ, ಸಾಗಣೆಯ ಖರ್ಚು ನಿಮ್ಮದೇ.