ಕ್ಯಾಮೆರಾ ಲೆಕ್ಕದಲ್ಲಿ 135, ಮುಂದೆ ಇದ್ದದ್ದು 58

ನಮ್ಮ ಸ್ಟುಡಿಯೋದಲ್ಲಿ ಯಾರಾದರೂ ಹಳೇ ಲೆನ್ಸ್ ಹೊಗಳಲು ಶುರು ಮಾಡಿದರೆ ಉಳಿದವರು ನನ್ನ ಮುಖ ನೋಡಿ ನಗುತ್ತಾರೆ. ಕಾರಣ ಒಂದು ಪ್ರಶಸ್ತಿ ಸಮಾರಂಭ. ಅದರ ಫೋಲ್ಡರ್‌ಗೆ ನಮ್ಮ ಎಡಿಟರ್ ಇಟ್ಟ ಹೆಸರು "ನೂರಾ ಮೂವತ್ತೈದು". ಇವತ್ತಿಗೂ ಬದಲಾಯಿಸಿಲ್ಲ.

ಶುರುವಾಗಿದ್ದು ಓನರ್ ಕಡೆಯಿಂದ. ಹೀಲಿಯೋಸ್ 44-2 ಅನ್ನೋ ಹಳೇ 58 ಎಂಎಂ ಲೆನ್ಸಿನಲ್ಲಿ ನಾನು ಬಿಡುವಿನಲ್ಲಿ ತೆಗೆದ ಒಂದಷ್ಟು ಪೋರ್ಟ್ರೇಟ್ ಇದ್ದವು. ಹಿಂದಿನ ಎಲೆಗಳೆಲ್ಲ ಮುಖದ ಸುತ್ತ ಸುಳಿ ಸುತ್ತಿದ ಹಾಗೆ ಬಂದಿದ್ದವು. ಅದನ್ನೇ ಕ್ಲೈಂಟ್‌ಗೆ ತೋರಿಸಿ, "ನಿಮ್ಮ ಫಂಕ್ಷನ್‌ಗೂ ಇದೇ ಲುಕ್ ಕೊಡ್ತೀವಿ" ಅಂತ ಒಪ್ಪಿಕೊಂಡು ಬಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಆ ಸುಳಿ ಎಲ್ಲ ಕಡೆ ಬರಲ್ಲ. ಲೆನ್ಸ್ ಎಫ್2ರಲ್ಲಿ ಪೂರ್ತಿ ತೆರೆದಿರಬೇಕು. ಫುಲ್ ಫ್ರೇಮ್ ಬಾಡಿ (ದೊಡ್ಡ ಸೆನ್ಸರಿನ ಕ್ಯಾಮೆರಾ) ಬೇಕು, ಯಾಕೆಂದರೆ ಸುಳಿ ಇರೋದೇ ಅಂಚಿನಲ್ಲಿ. ಅಂಚಿನ ಕಡೆಗೆ ಓರೆಯಾಗಿ ಬರೋ ಬೆಳಕಿಗೆ ಲೆನ್ಸಿನ ಕೊಳವೆಯೇ ಅಡ್ಡ ಬರುತ್ತದೆ. ಆಗ ದುಂಡಗಿರಬೇಕಾದ ಬೆಳಕಿನ ಚುಕ್ಕಿ ಅಂಡಾಕಾರವಾಗುತ್ತದೆ. ಅಂಥ ಚುಕ್ಕಿಗಳು ನಡುವನ್ನು ಸುತ್ತುವರಿದಾಗ ಹಿನ್ನೆಲೆ ತಿರುಗಿದ ಹಾಗೆ ಕಾಣುತ್ತದೆ. ಅಂದರೆ ಹಿಂದೆ ಎಲೆಯೋ ದೀಪವೋ ಏನಾದರೂ ಇರಲೇಬೇಕು. ಆ ವೇದಿಕೆಯ ಹಿಂದೆ ಇದ್ದದ್ದು ಕಪ್ಪು ಪರದೆ. ಕಪ್ಪು ಪರದೆ ಎಲ್ಲಿಂದ ಸುತ್ತುತ್ತೆ?

ಇದನ್ನು ಹೇಳಿದೆ. "ನೀನು ಹಾಕ್ಕೊಂಡು ಹೋಗು, ಏನೋ ಒಂದು ಬರುತ್ತೆ" ಎಂದರು. ಸರಿ, ಲೀಡ್ ಫೋಟೋಗ್ರಾಫರ್ ಕೈಯಲ್ಲಿ ಆಟೋಫೋಕಸ್ ಜೂಮ್, ನನ್ನ ಕೈಯಲ್ಲಿ ಎರಡನೇ ಬಾಡಿ, ಅದರ ಮುಂದೆ ಅಡಾಪ್ಟರ್, ಅದರ ಮುಂದೆ ಎಂ42 ಅನ್ನೋ ಹಳೇ ಸ್ಕ್ರೂ ಮೌಂಟಿನ ಆ ಹೀಲಿಯೋಸ್. ನಮ್ಮ ಹತ್ತಿರ ಇದ್ದದ್ದು ಒಂದೇ ಅಡಾಪ್ಟರ್. ಅದು ಬರೀ ಖಾಲಿ ಕೊಳವೆ. ಎಂ42 ಲೆನ್ಸಿಗೆ ಸೆನ್ಸರ್‌ನಿಂದ 45.46 ಮಿ.ಮೀ ದೂರ ಬೇಕು, ಸೋನಿ ಇ ಮೌಂಟ್‌ನಲ್ಲಿ ಇರೋದು 18. ನಡುವಿನ ಜಾಗ ತುಂಬೋದಷ್ಟೇ ಅದರ ಕೆಲಸ. ಕಾಂಟ್ಯಾಕ್ಟ್ ಪಿನ್ ಇಲ್ಲ, ಚಿಪ್ ಇಲ್ಲ. ಮೆನುವಿನಲ್ಲಿ ಲೆನ್ಸ್ ಇಲ್ಲದೆ ಶಟರ್ ಬಿಡೋ ಆಯ್ಕೆ ಆನ್ ಮಾಡದಿದ್ದರೆ ಬಾಡಿ ಕ್ಲಿಕ್ ಕೂಡ ಆಗಲ್ಲ. ಅದರ ಪ್ರಕಾರ ಮುಂದೆ ಏನೂ ಇಲ್ಲ.

ಬೆಳಗ್ಗೆ ರಿಹರ್ಸಲ್ ಇತ್ತು. ಅದೇ ಅಡಾಪ್ಟರ್‌ಗೆ ಹಳೇ 135 ಎಂಎಂ ಹಾಕಿ ದೂರದಿಂದ ಮುಖಗಳನ್ನು ತೆಗೆದೆ. ಚೆನ್ನಾಗಿ ಬಂದವು. ಐಬಿಐಎಸ್‌ಗೆ (ಕೈ ಅಲುಗಿದ್ದನ್ನು ಸೆನ್ಸರ್ ಜರುಗಿಸಿ ಸರಿದೂಗಿಸೋ ವ್ಯವಸ್ಥೆ) ಲೆನ್ಸಿನ ಫೋಕಲ್ ಲೆಂತ್, ಅಂದರೆ ಆ ಎಂಎಂ ನಂಬರ್, ಕೈಯಾರೆ ಕೊಡಬೇಕು, ಕೊಟ್ಟಿದ್ದೆ. 135. ಸಂಜೆ ಲೆನ್ಸ್ ಬದಲಾಯಿಸಿದೆ. ನಂಬರ್ ಬದಲಾಯಿಸಲಿಲ್ಲ.

ಕಾರ್ಯಕ್ರಮ ಶುರುವಾದ ಮೇಲೆ ಲೈಟ್ ಇಳಿಸಿದರು. ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನೋ ನಂಬರ್) 6400 ದಾಟಬಾರದು ಅನ್ನೋದು ಎಡಿಟರ್ ಅಪ್ಪಣೆ. ಎಫ್2ರಲ್ಲಿ ಶಟರ್ 1/60 ಸೆಕೆಂಡ್ ಸಿಕ್ಕಿತು. ನಿಂತು ಭಾಷಣ ಮಾಡುವವರಿಗೆ ಅದು ಸಾಕು. ಪೀಕಿಂಗ್‌ನ ಕೆಂಪು ಗೆರೆ (ಫೋಕಸ್ ಆದ ಅಂಚಿಗೆ ಕ್ಯಾಮೆರಾ ಹಾಕೋ ಗುರುತು) ರೆಪ್ಪೆ ಮೇಲೆ ಕೂತ ತಕ್ಷಣ ಒತ್ತಿದೆ. ಹಿಂದಿನ ಸ್ಕ್ರೀನಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ಆ ಸೈಜಿನಲ್ಲಿ ಯಾವುದು ತಾನೇ ಸರಿಯಾಗಿ ಕಾಣಲ್ಲ? ಎರಡನೇ ಭಾಷಣದ ಹೊತ್ತಿಗೆ ಸುಮ್ನೆ ಒಂದು ಫ್ರೇಮ್ ಜೂಮ್ ಮಾಡಿದೆ. ಕಣ್ಣು ಸಾಫ್ಟ್. ಅದರ ಹಿಂದಿನದೂ ಸಾಫ್ಟ್. ಅದರ ಹಿಂದಿನದೂ.

ನನಗೆ ತಕ್ಷಣ ಪೀಕಿಂಗ್ ಮೇಲೆ ಅನುಮಾನ ಬಂತು. ಅನುಮಾನಕ್ಕೆ ಕಾರಣವೂ ಇತ್ತು. ಹಳೇ ಲೆನ್ಸ್ ಪೂರ್ತಿ ತೆರೆದಾಗ ಕಾಂಟ್ರಾಸ್ಟ್ ಕಡಿಮೆ. ಪೀಕಿಂಗ್ ನೋಡೋದು ಕಾಂಟ್ರಾಸ್ಟ್ ಇರೋ ಅಂಚನ್ನು ಮಾತ್ರ. ರೆಪ್ಪೆ ಬಿಟ್ಟು ಕನ್ನಡಕದ ಫ್ರೇಮಿಗೆ ಅಂಟಿಕೊಳ್ಳೋದು ಅದಕ್ಕೆ ಅಭ್ಯಾಸ. ಹಾಗಾಗಿ ವ್ಯೂಫೈಂಡರ್‌ನಲ್ಲೇ ಚಿತ್ರ ದೊಡ್ಡದು ಮಾಡಿ ಫೋಕಸ್ ಹಿಡಿಯಲು ಹೋದೆ. ಮುಖ ಅತ್ತ ಇತ್ತ ತೇಲಾಡುತ್ತಿತ್ತು. ಟೆನ್ಷನ್‌ಗೆ ನನ್ನ ಕೈ ನಡುಗುತ್ತಿದೆ ಅಂದುಕೊಂಡೆ. ಉತ್ತರ ಕಣ್ಣೆದುರೇ ಕುಣಿಯುತ್ತಿತ್ತು, ನಾನು ಉಸಿರು ಬಿಗಿಹಿಡಿದು ಮೊಣಕೈ ಎದೆಗೆ ಒತ್ತಿಕೊಂಡು ನಿಂತಿದ್ದೆ.

ಆಮೇಲೆ ಮಾಡಿದ್ದು ಇನ್ನೂ ಚೆನ್ನಾಗಿದೆ. ಫೋಕಸ್ ತಪ್ಪುತ್ತಿದ್ದರೆ ಡೆಪ್ತ್ (ಶಾರ್ಪ್ ಕಾಣೋ ಆಳ) ಜಾಸ್ತಿ ಮಾಡೋಣ ಅಂತ ರಿಂಗ್ ತಿರುಗಿಸಿ ಎಫ್2.8ಕ್ಕೆ ಇಳಿಸಿದೆ. ಒಳಗೆ ಬರೋ ಬೆಳಕು ಕಡಿಮೆಯಾಯಿತು, ಐಎಸ್ಒ ಏರಿಸೋ ಹಾಗಿಲ್ಲ, ಶಟರ್ 1/30ಕ್ಕೆ ಬಂತು. ಫೋಟೋ ಮತ್ತೂ ಕೆಟ್ಟಿತು. ಅಷ್ಟರಲ್ಲಿ ಪ್ರಶಸ್ತಿ ಕೊಡೋದು ಶುರುವಾಯಿತು. ಒಬ್ಬೊಬ್ಬರಿಗೆ ಕೆಲವೇ ಸೆಕೆಂಡ್. ಕೈ ಕುಲುಕಿದರು, ಈ ಕಡೆ ನೋಡಿದರು, ಇಳಿದರು. ಮುಂದಿನ ಹೆಸರು. ಕ್ಲೈಂಟ್ ಕಡೆಯವರು ಪಕ್ಕದಲ್ಲೇ ನಿಂತು, "ಆ ಸ್ಪೆಷಲ್ ಲೆನ್ಸ್ ಇದೇನಾ ಸರ್?" ಎಂದು ಕೇಳಿದರು. ಹೂಂ ಅಂದೆ.

ದಾರಿ ತೋರಿಸಿದ್ದು ನಮ್ಮ ಅಸಿಸ್ಟೆಂಟ್ ಹುಡುಗ. ನನ್ನ ಭುಜದ ಮೇಲಿಂದ ಸ್ಕ್ರೀನ್ ನೋಡುತ್ತಾ ಕೇಳಿದ: "ಅಣ್ಣಾ, ಕಣ್ಣೂ ಶಾರ್ಪ್ ಇಲ್ಲ, ಕಿವಿನೂ ಇಲ್ಲ, ಮೈಕೂ ಇಲ್ಲ. ಹಂಗಾದ್ರೆ ಫೋಕಸ್ ಹೋಗಿದ್ದೆಲ್ಲಿಗೆ?"

ಫೋಕಸ್ ತಪ್ಪಿದರೆ ಕಣ್ಣಿನ ಬದಲು ಕಿವಿಯೋ ಕಾಲರೋ, ಏನೋ ಒಂದು ಶಾರ್ಪ್ ಇರಲೇಬೇಕು. ಇಲ್ಲಿ ಏನೂ ಇರಲಿಲ್ಲ. ಟ್ರೋಫಿಯ ಅಂಚಿನಲ್ಲಿ ಬೆಳಕಿನ ಚುಕ್ಕಿ ಇತ್ತು, ಅದನ್ನು ಪೂರ್ತಿ ದೊಡ್ಡದು ಮಾಡಿದೆ. ಅದು ಚುಕ್ಕಿಯಾಗಿರಲಿಲ್ಲ, ಓರೆಯಾದ ಸಣ್ಣ ಗೆರೆಯಾಗಿತ್ತು. ಶೇಕ್. ಐಬಿಐಎಸ್ ಆನ್ ಇದ್ದೂ ಶೇಕ್. ಆಗ ಮೆನು ತೆಗೆದೆ. 135 ಅಲ್ಲೇ ಕೂತಿತ್ತು.

ಮಾರನೇ ದಿನ ಕೂತು ಲೆಕ್ಕ ಹಾಕಿದೆ. ಕೈ ಒಂದಿಷ್ಟು ಕೋನ ಅಲುಗಿದರೆ ಸೆನ್ಸರ್ ಮೇಲೆ ಚಿತ್ರ ಎಷ್ಟು ಜರುಗುತ್ತದೆ ಅನ್ನೋದು ಫೋಕಲ್ ಲೆಂತ್ ಮೇಲೆ ನಿಂತಿದೆ. 58ಕ್ಕೆ ಬೇಕಾದಷ್ಟು ಜರುಗಬೇಕಿದ್ದ ಸೆನ್ಸರ್ 135ರ ಲೆಕ್ಕದಲ್ಲಿ ಜರುಗಿದೆ. ಅಂದರೆ ಸುಮಾರು 2.3 ಪಟ್ಟು. ನಿಜವಾದ ಅಲುಗಾಟ ಕಳೆದರೂ 1.3 ಪಟ್ಟು ಉಳಿಯಿತು, ಅದೂ ಉಲ್ಟಾ ದಿಕ್ಕಿಗೆ. ಐಬಿಐಎಸ್ ಆಫ್ ಮಾಡಿದ್ದರೂ ಇದಕ್ಕಿಂತ ವಾಸಿ ಇರುತ್ತಿತ್ತು. ನಂಬರ್ ನಿಜಕ್ಕಿಂತ ಕಡಿಮೆ ಕೊಟ್ಟರೆ ಅರೆಬರೆ ಸಹಾಯವಾದರೂ ಸಿಗುತ್ತೆ. ಜಾಸ್ತಿ ಕೊಟ್ಟರೆ, ಹೀಗೆ.

58 ಅಂತ ಕೊಟ್ಟ ಮೇಲೆ ಬಂದ ಫ್ರೇಮ್‌ಗಳು ಮಾತ್ರ ನೋಡೋ ಹಾಗಿವೆ. ಚರ್ಮದ ಟೋನ್ ಮೃದುವಾಗಿದೆ, ಹೈಲೈಟ್ ಮೇಲೆ ಸಣ್ಣ ಹೊಳಪು. ಸುಳಿ? ಒಂದರಲ್ಲೂ ಇಲ್ಲ. ಪುಣ್ಯಕ್ಕೆ ಲೀಡ್ ಜೂಮ್‌ನಲ್ಲಿ ಯಾರನ್ನೂ ಬಿಟ್ಟಿರಲಿಲ್ಲ.

ಆವತ್ತಿನಿಂದ ನಾನು ಫೋಕಲ್ ಲೆಂತ್ ಆಯ್ಕೆಯನ್ನು ಕಸ್ಟಮ್ ಬಟನ್‌ಗೆ ಹಾಕಿಟ್ಟಿದ್ದೇನೆ. ಲೆನ್ಸ್ ಬದಲಾಯಿಸಿದ ಮೊದಲ ಫ್ರೇಮಿನಲ್ಲಿ ಮುಖ ನೋಡಲ್ಲ, ಒಂದು ಬೆಳಕಿನ ಚುಕ್ಕಿ ಹುಡುಕಿ ಜೂಮ್ ಮಾಡುತ್ತೇನೆ. ಚುಕ್ಕಿ ದುಂಡಗೆ ಊದಿಕೊಂಡಿದ್ದರೆ ಫೋಕಸ್, ಗೆರೆಯಾಗಿದ್ದರೆ ಶೇಕ್. ಇನ್ನೊಂದು, ಇನ್ಫಿನಿಟಿ ಗುರುತನ್ನು ನಂಬಿ ರಿಂಗನ್ನು ಕೊನೆಯವರೆಗೆ ತಿರುಗಿಸಬೇಡಿ. ಎಷ್ಟೋ ಅಡಾಪ್ಟರ್‌ಗಳನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ, ಕೊನೆ ಮುಟ್ಟುವಷ್ಟರಲ್ಲಿ ಇನ್ಫಿನಿಟಿ ದಾಟಿ ಹೋಗಿರುತ್ತದೆ.

ಬಾಡಿ ಮಾಡುವವರ ಮೇಲೂ ನನಗೆ ಸಿಟ್ಟಿದೆ. ಲೆನ್ಸ್ ಬಿಚ್ಚಿ ಹಾಕಿ, ಕ್ಯಾಮೆರಾ ಆನ್ ಮಾಡಿದ ಕೂಡಲೇ "ಎಷ್ಟು ಎಂಎಂ?" ಅಂತ ಒಂದು ಮಾತು ಕೇಳಿದರೆ ಏನು ಗಂಟು ಹೋಗುತ್ತೆ? ಪ್ಯಾನಾಸಾನಿಕ್‌ನ ಕೆಲವು ಬಾಡಿಗಳು ಕೇಳುತ್ತವೆ. ನಮ್ಮದು ಕೇಳಲ್ಲ.

ಓನರ್‌ಗೆ ಒಂದೇ ಬೇಡಿಕೆ ಇಟ್ಟೆ: ಒಂದೊಂದು ಲೆನ್ಸಿಗೆ ಒಂದೊಂದು ಅಡಾಪ್ಟರ್ ಕೊಡಿಸಿ, ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದು ಲೆನ್ಸಿಗೇ ಬಿಟ್ಟಿರುತ್ತೇನೆ. "ಇರೋದೊಂದು ಚೆನ್ನಾಗೇ ಇದೆಯಲ್ಲಪ್ಪ" ಎಂದರು. ಹೋದ ವಾರ ಇನ್ನೊಬ್ಬ ಕ್ಲೈಂಟ್‌ಗೂ ಅದೇ ಎಲೆಗಳ ಫೋಟೋ ತೋರಿಸಿದ್ದಾರಂತೆ. ಈ ಸಲ ಹಿನ್ನೆಲೆ ಬಿಳಿ ಗೋಡೆ.