ರಾಮಪ್ಪನ ಖಾತೆಗೆ ಬಿದ್ದ ಮುಂಗಡ

“ಕಂಪ್ಯೂಟರ್ ಹೇಳ್ತದೆ ಅಂದ್ಮೇಲೆ ನಾನೇ ಮರ್ತಿರ್ಬೇಕು ಬಿಡಿ.”

ಭಾನುವಾರ ಮಧ್ಯಾಹ್ನ ಕಿವಿಗೆ ಬಿದ್ದ ಈ ಮಾತು ವಾರ ಮುಗಿಯುತ್ತ ಬಂದರೂ ತಲೆಯಿಂದ ಇಳಿಯುತ್ತಿಲ್ಲ. ಅದನ್ನು ಹೇಳಿದವನನ್ನು ನಾನು ಕಂಡಿಲ್ಲ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಯಾವುದೋ ಅಡಿಕೆ ಮಂಡಿಯ ಕೌಂಟರ್ ಮುಂದೆ ನಿಂತು ಒಬ್ಬ ರೈತ ಆಡಿದ ಮಾತು. ಫಾಕ್ಸ್‌ಪ್ರೊ ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆಯ ನಮ್ಮ ಮಾವ ಅದನ್ನು ಹೇಳುವಾಗ ನಾವೆಲ್ಲ ಬಿದ್ದೂ ಬಿದ್ದೂ ನಗುತ್ತಿದ್ದೆವು.

ತೀರ್ಥಹಳ್ಳಿ ಕಡೆ ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಶ್ರಾವಣದ ಮಳೆ ಗೊತ್ತಲ್ಲ, ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಮಂಗಳಾರತಿ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಟ್ಟು ಎಲ್ಲರ ಫೋನೂ ತಣ್ಣಗಾಯಿತು. ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಸುತ್ತ ಕೂತವರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್‌ನವರೇ. ಈಗ ಮಲೆನಾಡಿನ ಯಾವ ಮನೆಯ ಪೂಜೆಗೆ ಹೋದರೂ ಇದೇ ಕಥೆ. ಒಬ್ಬರ ಕಂಪನಿ ಕೆಲಸವನ್ನು ಇನ್ನೊಬ್ಬರ ಮುಂದೆ ಬಾಯಿ ಬಿಡುವ ಹಾಗಿಲ್ಲ, ಸಂಬಳದ ಮಾತೆತ್ತಿದರೆ ಒಳಗಿದ್ದ ಹಿರಿಯರೆಲ್ಲ ಜಗಲಿಗೆ ಬರುತ್ತಾರೆ. ಉಳಿಯುವುದು ಒಂದೇ: ಅವರವರು ಅನ್ನ ತಿನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಅವರವರೇ ಬೈಯುವುದು.

ಭಾವ ಶುರು ಮಾಡಿದ. ಅವನದು ವೆಬ್ ಪುಟಗಳ ಭಾಷೆ ಜಾವಾಸ್ಕ್ರಿಪ್ಟ್. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಕಟ್ಟಿ ನಿಲ್ಲಿಸಿದ್ದರು. “ಹನ್ನೊಂದನೇ ದಿನ ಕೊಟ್ಟಿದ್ರೆ ನನ್ನ ತಲೆಗೂದಲು ಉಳೀತಿತ್ತು ಮಾರಾಯ” ಅನ್ನುವುದು ಭಾವನ ಖಾಯಂ ಡೈಲಾಗು. ಅದರಲ್ಲಿ ‘5’ ಎಂದು ಅಕ್ಷರವಾಗಿ ಬರೆದದ್ದಕ್ಕೆ ಮೂರು ಕೂಡಿಸಿದರೆ 53, ಅದೇ ‘5’ರಿಂದ ಮೂರು ಕಳೆದರೆ ಸರಿಯಾಗಿ 2. ಏನೂ ಇಲ್ಲ ಎಂದು ಹೇಳುವ ನಲ್ ಯಾವ ಜಾತಿ ಎಂದು ಕೇಳಿದರೆ ಆಬ್ಜೆಕ್ಟ್, ಅಂದರೆ ವಸ್ತು, ಅನ್ನುತ್ತದೆ. 1, 9, 10 ಇವನ್ನು ಜೋಡಿಸಿಡು ಅಂದರೆ 1, 10, 9 ಎಂದು ಇಡುತ್ತದೆ, ಯಾಕಂದರೆ ಬಿಡಿಸಿ ಹೇಳದಿದ್ದರೆ ಅದಕ್ಕೆ ಅಂಕಿಯೂ ಪದವೇ. ನಿಘಂಟಿನ ಕ್ರಮದಲ್ಲಿ 1ರಿಂದ ಶುರುವಾಗುವ 10, 9ಕ್ಕಿಂತ ಮುಂಚೆ.

ಅತ್ತೆ ಮಗನದು ಪೈಥಾನ್. ಪೈಥಾನಿನವರಿಗೆ ಒಂದು ಬಗೆಯ ಮಡಿ ಇದೆ, ನಾನು ಕಂಡವರಿಗಂತೂ ಇದೆ. ಮಿಕ್ಕವರ ಗೋಳು ಕೇಳುವಾಗ ತುಟಿಯ ಒಂದು ಕೊನೆ ಮಾತ್ರ ಮೇಲೇಳುತ್ತದೆ. ಸಾಲಿನ ಮುಂದೆ ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೆ ಓಡುವುದಿಲ್ಲ ಎಂದು ಹಠ ಹಿಡಿಯುವ ಭಾಷೆ ಅದು, ಆ ಶಿಸ್ತು ಇವನ ಮೈಗೂ ಹತ್ತಿದೆ. ಭಾವ ಬಿಡಲಿಲ್ಲ. ಫಂಕ್ಷನ್ನಿಗೆ, ಅಂದರೆ ಬೇಕಾದಾಗ ಕರೆದು ಕೆಲಸ ಮಾಡಿಸುವ ಪ್ರೋಗ್ರಾಮಿನ ತುಣುಕಿಗೆ, ಡೀಫಾಲ್ಟ್ ಆಗಿ ಖಾಲಿ ಲಿಸ್ಟ್ ಕೊಟ್ಟರೆ ಎರಡನೇ ಸಲ ಕರೆದಾಗ ಮೊದಲ ಸಲದ ಸಾಮಾನೆಲ್ಲ ಅದರೊಳಗೇ ಇರುತ್ತದಲ್ಲ, ಅದೆಂತ ಶಿಸ್ತು ಅಂತ ಹಿಡಿದುಕೊಂಡ. ತುಟಿ ಕೆಳಗಿಳಿಯಿತು. ನಾನು ನನ್ನ ಪಾಲಿಗೆ ಜಾವಾ ಭಾಷೆಯಲ್ಲಿ ತಾರೀಖು ಹಿಡಿದಿಡುವ ಹಳೇ ‘ಡೇಟ್’ ಕಥೆ ಹೇಳಿದೆ. ಅದರಲ್ಲಿ ಜನವರಿ ಅಂದರೆ ಸೊನ್ನೆ, ಡಿಸೆಂಬರ್ ಅಂದರೆ ಹನ್ನೊಂದು, ತಾರೀಖು ಮಾತ್ರ ಒಂದರಿಂದ. ನಗು ಬಂತು, ಆದರೆ ಭಾವನಿಗೆ ಬಂದಷ್ಟಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಪಕ್ಕದ ಮನೆ ಹುಡುಗ, ಇನ್ನೂ ಇಂಜಿನಿಯರಿಂಗ್ ಕೊನೇ ವರ್ಷ, ಇಂಟರ್‌ಕ್ಯಾಲ್ ತೆಗೆದ. 1972ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು ಮಿಕ್ಕ ಭಾಷೆಗಳನ್ನು ಅಣಕಿಸಲೆಂದೇ ಮಾಡಿದ ಭಾಷೆ. ಅದರಲ್ಲಿ ನಡುನಡುವೆ ‘ಪ್ಲೀಸ್’ ಎಂದು ಬರೆಯಬೇಕು. ಕಡಿಮೆಯಾದರೆ ಮರ್ಯಾದೆ ಇಲ್ಲದವನು ಎಂದು ಪ್ರೋಗ್ರಾಂ ವಾಪಸ್, ಜಾಸ್ತಿಯಾದರೆ ಬೆಣ್ಣೆ ಹಚ್ಚುತ್ತಾನೆಂದು ವಾಪಸ್. ಇದು ನಮ್ಮ ಕಡೆಯ ಊಟದ ಪಂಕ್ತಿಯೇ ಸೈ. ಒಂದು ಸಲ ಬೇಡ ಅಂದರೆ ನಂಬುವುದಿಲ್ಲ, ನಾಲ್ಕು ಸಲ ಬೇಡ ಅಂದರೆ ‘ಪ್ಯಾಟೆಯವ್ರಿಗೆ ಜಂಬ’. ಅದೇ ಹೊತ್ತಿಗೆ ದೊಡ್ಡಮ್ಮ ಹಲಸಿನ ಹಪ್ಪಳದ ತಟ್ಟೆ ಹಿಡಿದು ಬಂದಿದ್ದರಿಂದ ಯಾರೂ ಬೇಡ ಅನ್ನಲಿಲ್ಲ.

ಆಗ ಬಾಯಿ ತೆಗೆದದ್ದು ಮಾವ. ನನ್ನ ಸ್ವಂತ ಮಾವ ಅಲ್ಲ, ಊರಿಗೆಲ್ಲ ಮಾವ. ನಾವು ಚಡ್ಡಿ ಹಾಕಿಕೊಂಡು ಓಡಾಡುವ ಕಾಲಕ್ಕೇ ಶಿವಮೊಗ್ಗದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮಂಡಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟವರು. ಎಲ್ಲವೂ ಫಾಕ್ಸ್‌ಪ್ರೊ. 1992ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡು, 2007ರಲ್ಲಿ ಇನ್ನು ಮುಂದಿನ ಆವೃತ್ತಿ ಇಲ್ಲ ಎಂದು ಕೈತೊಳೆದುಕೊಂಡ ಭಾಷೆ. ಮಾವ ಕೈ ತೊಳೆದುಕೊಂಡಿಲ್ಲ, ಒಂದೆರಡು ಕಡೆ ಅವರ ಪ್ರೋಗ್ರಾಂ ಇವತ್ತಿಗೂ ಓಡುತ್ತಿದೆಯಂತೆ. ಅವರ ಬಗ್ಗೆ ನನಗೆ ಸ್ವಲ್ಪ ಅಸೂಯೆಯೇ ಇದೆ. ನಾನು ಬರೆದದ್ದು ಮೂರು ವರ್ಷಕ್ಕಿಂತ ಹೆಚ್ಚು ಎಲ್ಲೂ ಬಾಳಿಲ್ಲ.

“ಕರೆಂಟ್ ಹೋದ್ರೆ ನೀವು ಹೀಗೆ ಹಪ್ಪಳ ತಿಂತೀರಿ” ಅಂದರು. “ನಂಗೆ ಕರೆಂಟ್ ಹೋದ್ರೆ ಇಂಡೆಕ್ಸ್ ಫೈಲ್ ಹೋಗ್ತಿತ್ತು. ಬೈಕ್ ಹತ್ತಿ ಮಂಡಿಯಿಂದ ಮಂಡಿಗೆ ರೀಇಂಡೆಕ್ಸ್ ಮಾಡ್ತಾ ತಿರುಗೋದು.” ದಾಖಲೆ ಹುಡುಕುವ ಸೂಚಿಯೇ ಇಂಡೆಕ್ಸ್, ಅದನ್ನು ಮತ್ತೆ ಕಟ್ಟುವುದು ರೀಇಂಡೆಕ್ಸ್. ಡಿಲೀಟ್ ಅಂದರೆ ಅಳಿಸುತ್ತಿರಲಿಲ್ಲವಂತೆ, ಅಳಿಸಿದೆ ಎಂದು ಒಂದು ಗುರುತು ಹಾಕಿ ಇಟ್ಟುಕೊಳ್ಳುತ್ತಿತ್ತು. ಪ್ಯಾಕ್ ಅಂತ ಇನ್ನೊಂದು ಆಜ್ಞೆ ಕೊಟ್ಟಾಗಲೇ ನಿಜವಾಗಿ ಹೋಗುವುದು. ಇಷ್ಟಕ್ಕೇ ನಾವು ನಗಲು ತಯಾರಾಗಿದ್ದೆವು. ಮಾವ ತಂಬಿಗೆಯ ನೀರಿಗೆ ಬೆರಳದ್ದಿ, ಕೆಂಪು ಗಾರೆ ನೆಲದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ರಾಮಪ್ಪ. ನಡುವೆ ಒಂದು ಸಮ ಚಿಹ್ನೆ. ಆಚೆ, ರಾಮ.

“ಇದು ಹೌದೋ ಅಲ್ವೋ?”

“ಅಲ್ಲ.”

“ಫಾಕ್ಸ್‌ಪ್ರೊ ಹೌದು ಅಂತದೆ.” ಮಳೆಗಾಲದ ತೇವಕ್ಕೆ ನೀರಿನ ಅಕ್ಷರ ಆರುತ್ತಲೇ ಇರಲಿಲ್ಲ. ಅಂಗೈಯಿಂದ ಒರೆಸಿ ತಿರುಗಿಸಿ ಬರೆದರು, ಈಚೆ ರಾಮ, ಆಚೆ ರಾಮಪ್ಪ. “ಈಗ ಅಲ್ಲ ಅಂತದೆ.”

ಭಾವ ಹಪ್ಪಳ ಕೈಯಲ್ಲೇ ಹಿಡಿದು ಕೂತ. ನಿಯಮ ಸರಳ: ಬಲಗಡೆಯ ಅಕ್ಷರ ಮುಗಿಯುವ ತನಕ ಹೋಲಿಸುವುದು, ಅಲ್ಲಿಗೆ ನಿಲ್ಲಿಸುವುದು. ರಾಮ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಹೊಂದಿತೇ? ಹಾಗಾದರೆ ಸಮ. ಮುಂದೆ ‘ಪ್ಪ’ ಇದ್ದರೆ ಇರಲಿ. ಬಲಗಡೆ ಏನೂ ಇಲ್ಲದೆ ಖಾಲಿ ಬಿಟ್ಟರೆ ಜಗತ್ತಿನ ಯಾವ ಹೆಸರೂ ಅದಕ್ಕೆ ಸಮವೇ. ಸರಿ, ಎರಡು ಸಮ ಚಿಹ್ನೆ ಹಾಕೋಣ ಅಂದರೆ, ಅದು ಹೆಸರಿನ ಹಿಂದೆ ತುಂಬಿದ ಖಾಲಿ ಜಾಗಗಳನ್ನೂ ಲೆಕ್ಕ ಹಿಡಿದು, ರಾಮನನ್ನೂ ರಾಮ ಅಲ್ಲ ಅನ್ನುತ್ತಿತ್ತು. “ನಮ್ಗೆ ಮೂರು ಸಮ ಬೇಕು ಮಾವ!” ಎಂದು ಭಾವ ಕಿರುಚಿದ, ಅಣ್ಣತಮ್ಮಂದಿರು ಜಾತ್ರೆಯಲ್ಲಿ ಸಿಕ್ಕಿದಷ್ಟು ಖುಷಿಯಲ್ಲಿ. ಅವನ ಜಾವಾಸ್ಕ್ರಿಪ್ಟಿನಲ್ಲಿ ಎರಡು ಸಮ ಚಿಹ್ನೆಯನ್ನು ನಂಬುವ ಹಾಗಿಲ್ಲ, ಮೂರು ಹಾಕಿದರೇ ನಿದ್ದೆ. ಮಾವನಿಗೆ ಬೇಕಾಗಿದ್ದು ಪ್ರೋಗ್ರಾಮಿನ ತಲೆಯಲ್ಲಿ ಒಂದು ಸಾಲು: ಸೆಟ್ ಎಕ್ಸಾಕ್ಟ್ ಆನ್, ಅಂದರೆ ಪೂರ್ತಿ ಹೊಂದಿದರೆ ಮಾತ್ರ ಸಮ ಅನ್ನು. ಅದು ಅವರಿಗೆ ಗೊತ್ತಾಗುವ ಮುಂಚೆ ಒಂದು ಅಡಿಕೆ ಸುಗ್ಗಿ ಕಳೆದಿತ್ತು.

ಮಳೆಗಾಲದಲ್ಲಿ ಕೊಳೆರೋಗ ತಡೆಯುವ ಬೋರ್ಡೋ ಸಿಂಪಡಣೆಗೆಂದು ರಾಮ ಮಂಡಿಯಲ್ಲಿ ಮುಂಗಡ ತೆಗೆದಿದ್ದಾನೆ. ಗುಮಾಸ್ತ ಹೆಸರು ಹೊಡೆದಿದ್ದಾನೆ. ಪ್ರೋಗ್ರಾಂ ಮೊದಲಿನಿಂದ ಹುಡುಕುತ್ತ ಬಂದು, ಹಳೇ ಗಿರಾಕಿ ರಾಮಪ್ಪ ಮೊದಲು ಸಿಕ್ಕಿದ್ದರಿಂದ ಸಮ ಸಮ ಎಂದು ಅವನ ಖಾತೆಗೆ ಬರೆದಿದೆ. (ಹೆಸರು ಎರಡೂ ಮಾವ ಬದಲಿಸಿ ಹೇಳಿದ್ದು.) ರಾಶಿ ಅಡಿಕೆ ಮಾರಿ ಲೆಕ್ಕ ಚುಕ್ತಾ ಮಾಡುವಾಗ ರಾಮಪ್ಪನ ಹಣದಲ್ಲಿ ಆ ಮುಂಗಡ ಮುರಿದುಕೊಂಡರು. ಅವನು ಚೀಟಿ ನೋಡಿದನಂತೆ. ನಾನು ತಗಂಡಿಲ್ಲ ಅಂದನಂತೆ. ಗುಮಾಸ್ತ ಪ್ರಿಂಟ್ ತೋರಿಸಿದ. ಕಂಪ್ಯೂಟರ್ ಹೇಳ್ತದೆ ಅಂದ್ಮೇಲೆ ನಾನೇ ಮರ್ತಿರ್ಬೇಕು ಬಿಡಿ, ಎಂದು ಉಳಿದದ್ದನ್ನು ಎಣಿಸಿಕೊಂಡು ಹೋದ.

ಸಿಕ್ಕಿಬಿದ್ದದ್ದು ರಾಮನಿಂದ. ನನ್ನ ಮುಂಗಡ ಯಾಕೆ ಮುರಿದಿಲ್ಲ ಎಂದು ಅವನೇ ಬಂದು ಕೇಳಿದನಂತೆ. ಮಾವನ ಕಥೆಗಳಿಗೆ ಒಗ್ಗರಣೆ ಇರುತ್ತದೆ, ಈ ಭಾಗಕ್ಕೆ ಸ್ವಲ್ಪ ಬಿದ್ದಿರಬಹುದು. ಮಂಡಿಯವರು ರಾಮಪ್ಪನಿಗೆ ಹಣ ವಾಪಸ್ ಕೊಟ್ಟರು.

“ಎಂತ ಹೇಳಿ ಕೊಟ್ರಿ?” ಎಂದು ಕೇಳಿದ್ದು ಆ ಇಂಜಿನಿಯರಿಂಗ್ ಹುಡುಗ. ನಮಗ್ಯಾರಿಗೂ ಹೊಳೆಯದ ಪ್ರಶ್ನೆ.

“ಟೈಪ್ ಮಾಡೋ ಹುಡುಗನ ತಪ್ಪು ಅಂದ್ವಿ.”

ಅದಕ್ಕೂ ನಕ್ಕೆವು. ಮಾವನೂ ನಕ್ಕರು. ಆಮೇಲೆ ಕಾಫಿ ಬಂತು, ಮಾತು ಅಡಿಕೆ ರೇಟಿಗೆ ಹೊರಳಿತು.

ಮಾವನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾದೀತು. ಆ ಟೈಪಿನ ಹುಡುಗ ಹೊಡೆದದ್ದು ಸರಿಯಾಗಿಯೇ ಇತ್ತಲ್ಲ. ಆದರೆ ‘ಬಲಗಡೆ ಮುಗಿಯುವ ತನಕ ಮಾತ್ರ ಹೋಲಿಸುತ್ತದೆ ರಾಮಪ್ಪಣ್ಣ’ ಎಂದು ಮಂಡಿಯಲ್ಲಿ ನಿಂತು ಹೇಗೆ ಹೇಳುವುದು? ಅದಕ್ಕಿಂತ ಹುಡುಗನನ್ನು ಬೈದು ತೋರಿಸುವುದು ಸುಲಭ. ನಾವು ಈಗಲೂ ಮಾಡುವುದು ಅದನ್ನೇ. ಪರದೆಯ ಮೇಲೆ ‘ನೀವು ತಪ್ಪು ಮಾಹಿತಿ ನೀಡಿದ್ದೀರಿ’ ಎಂದು ಕೆಂಪಕ್ಷರದಲ್ಲಿ ತೋರಿಸುತ್ತೇವೆ. ಅಮ್ಮನ ಫೋನಿನಲ್ಲಿ ಹಣ ಕಳಿಸುವ ಆ್ಯಪ್ ತಿರುಗುತ್ತ ನಿಂತರೆ ಅಮ್ಮ ಹೇಳುವ ಮೊದಲ ಮಾತು, ‘ನಾನೇ ಎಂತದೋ ಒತ್ತಿದೆ ಕಾಣ್ತದೆ.’ ನಮ್ಮ ಬೀದಿಯ ಒಬ್ಬರ ಅರ್ಜಿ ಒಂದು ಕಚೇರಿಯಲ್ಲಿ ಸುಮಾರು ದಿನ ಕೊಳೆಯಿತು. ಒಂದು ದಾಖಲೆಯಲ್ಲಿ ಊರಿನ ಹಳೇ ಇಂಗ್ಲಿಷ್ ಕಾಗುಣಿತ ಶಿಮೊಗ, ಇನ್ನೊಂದರಲ್ಲಿ 2014ರ ನವೆಂಬರಿನಲ್ಲಿ ಬದಲಾದ ಶಿವಮೊಗ್ಗ. ಎರಡೂ ಒಂದೇ ಊರು ಎಂದು ಊರಿಗೆಲ್ಲ ಗೊತ್ತು, ಸಮ ಚಿಹ್ನೆಗೆ ಗೊತ್ತಿಲ್ಲ. ಅವರೂ ಹೇಳಿದ್ದು, ‘ನಮ್ದೇ ಎಂತದೋ ತಪ್ಪಿತ್ತು.’

ಇದು ಓದು ಬರಹ ಕಡಿಮೆ ಇರುವವರ ಪಾಡು ಮಾತ್ರ ಅಂದುಕೊಳ್ಳಬೇಡಿ. ಎಕ್ಸೆಲ್‌ನಲ್ಲಿ ‘ಮಾರ್ಚ್ 1’ ಎಂಬಂಥ ಸಂಕೇತದ ಜೀನ್‌ಗಳ ಹೆಸರು ಹೊಡೆದರೆ ಅದು ತಾರೀಖಾಗಿ ಬದಲಾಗುತ್ತಿತ್ತು, ಸಂಶೋಧನೆಯ ಪಟ್ಟಿಗಳೇ ಹಾಳಾಗುತ್ತಿದ್ದವು. ಕೊನೆಗೆ 2020ರ ಹೊತ್ತಿಗೆ ಬದಲಾದದ್ದು ಜೀನ್‌ಗಳ ಹೆಸರು. ವಿಜ್ಞಾನಿಗಳೇ ಸೋತು ತಮ್ಮ ಹೆಸರುಪಟ್ಟಿ ತಿದ್ದಿಕೊಂಡರು. ಅಮೆರಿಕದಲ್ಲಿ ಒಬ್ಬ ತಮಾಷೆಗೆ ಕಾರಿನ ನಂಬರ್ ಪ್ಲೇಟಿಗೆ ‘ನಲ್’ ಎಂದು ಹಾಕಿಸಿಕೊಂಡ. ಕಂಪ್ಯೂಟರಿಗೆ ನಲ್ ಅಂದರೆ ‘ಏನೂ ಇಲ್ಲ’ ತಾನೇ, ನಂಬರ್ ದಾಖಲಾಗದ ಯಾರ‍್ಯಾರದೋ ಗಾಡಿಗಳ ದಂಡವೆಲ್ಲ ಅವನ ಮನೆಗೆ ಬರತೊಡಗಿತು. ಥೇಟ್ ರಾಮಪ್ಪ. ಒಂದೇ ವ್ಯತ್ಯಾಸ, ಅವನು ಕಂಪ್ಯೂಟರ್ ಬಲ್ಲವನು. ಹಾಗಾಗಿ ನಾನೇ ಮರ್ತಿರ್ಬೇಕು ಅನ್ನಲಿಲ್ಲ, ವೇದಿಕೆ ಹತ್ತಿ ಕಥೆ ಹೇಳಿದ, ಎಲ್ಲರೂ ನಕ್ಕರು. ಆ ನಲ್ ಅನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಭಾಷೆಗೆ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಎಂದು ಎದ್ದು ನಿಂತು ಒಪ್ಪಿಕೊಂಡರು. ದೊಡ್ಡತನವೇ. ಆದರೆ ಅವರು ಒಪ್ಪಿಕೊಂಡದ್ದು ಪ್ರೋಗ್ರಾಮರ್‌ಗಳ ಮುಂದೆ. ನಾವು ಬೈದುಕೊಳ್ಳುವುದೂ ನಮ್ಮ ನಮ್ಮೊಳಗೇ. ಭಾಷೆಯ ವಕ್ರತನ ಗೊತ್ತಿದ್ದವನಿಗೆ ಅದು ಜೋಕು. ಅದರ ಲೆಕ್ಕ ಕಟ್ಟುವವನಿಗೆ ಅಂಥದ್ದೊಂದು ಇದೆ ಎನ್ನುವುದೇ ತಿಳಿದಿರುವುದಿಲ್ಲ, ಇನ್ನು ನಗುವುದೆಲ್ಲಿ.

ಬುಧವಾರ ಆಫೀಸಿನ ಕಾಲ್‌ನಲ್ಲಿ ಒಬ್ಬ ಸಹೋದ್ಯೋಗಿ ನಗುತ್ತ ಒಂದು ಸ್ಕ್ರೀನ್‌ಶಾಟ್ ಹಾಕಿದ. ಅದೇ 1, 10, 9ರ ಕಥೆ. ನಮ್ಮದೇ ಪುಟದಲ್ಲಿ ‘ಕಡಿಮೆ ದರ ಮೊದಲು’ ಎಂದು ಒತ್ತಿದರೆ ಡೆಲಿವರಿ ಶುಲ್ಕ 110 ರೂಪಾಯಿಯದು ಮೇಲೆ, 85 ರೂಪಾಯಿಯದು ಕೆಳಗೆ. ಎಲ್ಲರೂ ನಗುವ ಇಮೋಜಿ ಒತ್ತಿದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ಕಳೆದ ರಿಲೀಸ್‌ನಿಂದ ಅಂದ. ಹಾಗಾದರೆ ಮೇಲಿದ್ದದ್ದೇ ಅಗ್ಗ ಅಂದುಕೊಂಡು ಒತ್ತಿದವರೆಷ್ಟು ಜನ, ಪಟ್ಟಿ ತೆಗೆಯಬಹುದಾ ಅಂದೆ.

“ಯಾಕೆ? ಯಾರೂ ಕಂಪ್ಲೇಂಟ್ ಮಾಡಿಲ್ಲವಲ್ಲ” ಅಂದ ಮ್ಯಾನೇಜರ್. ನಿಜವಾಗಿಯೂ ಆಶ್ಚರ್ಯವಾಗಿತ್ತು ಅವನಿಗೆ.

ಸಾಲು ಸರಿ ಮಾಡಲು ಐದು ನಿಮಿಷ ಸಾಕಾಯಿತು. ಪಟ್ಟಿ ಬೇಕು ಎಂದು ಬೇರೆ ಟಿಕೆಟ್, ಅಂದರೆ ಆಫೀಸಿನ ಕೆಲಸದ ಪಟ್ಟಿಯಲ್ಲಿ ಒಂದು ಕೋರಿಕೆ, ಹಾಕಿದ್ದೇನೆ. ಅದಕ್ಕೆ ‘ಲೋ ಪ್ರಯಾರಿಟಿ’ ಎಂದು ಯಾರೋ ಗುರುತು ಹಾಕಿದ್ದಾರೆ. ನಾಳೆ ಬದಲಿಸುತ್ತೇನೆ, ಅವರು ಮತ್ತೆ ಹಾಕುತ್ತಾರೆ.