ಕರೆಯುವಾಗ ಬನ್ನಿ

"ನಂಬ್ರ ಎಷ್ಟಾಯ್ತು ಮಗಾ?"

ಮೊನ್ನೆ ಸೋಮವಾರ ಕಾಸರಗೋಡಿನ ಆಸ್ಪತ್ರೆಯೊಂದರ ಓಪಿ (ಹೊರರೋಗಿ ವಿಭಾಗ) ಎದುರು ಬದಿಯಡ್ಕ ಕಡೆಯ ಅಜ್ಜಿಯೊಬ್ಬರು ಇದನ್ನೇ ಕೇಳುತ್ತಿದ್ದರು. ಬಾಗಿಲಲ್ಲಿದ್ದವನದ್ದೂ ಒಂದೇ ಉತ್ತರ: "ಕರೆಯುವಾಗ ಬನ್ನಿ." ಕರೆಯುವುದು ಮಲಯಾಳದಲ್ಲಿ, ಅದೂ ಫ್ಯಾನಿನ ಗಲಾಟೆಯ ನಡುವೆ. ಚೀಟಿಯ ಮೇಲಿನ 47 ಅಜ್ಜಿಗೆ ಓದಲು ಬರುತ್ತದೆ, ಕೂಗಿದ್ದು ತಿಳಿಯುವುದಿಲ್ಲ. ಹಾಗಾಗಿ ಪ್ರತಿ ಕೂಗಿಗೂ ಸೆರಗು ಸರಿಮಾಡಿಕೊಂಡು ಎದ್ದು ಬಾಗಿಲವರೆಗೆ ಹೋಗುವುದು, ಮತ್ತೆ ಕೇಳುವುದು, "ಕರೆಯುವಾಗ ಬನ್ನಿ" ಅನ್ನಿಸಿಕೊಂಡು ಬರುವುದು. ಅಷ್ಟರಲ್ಲಿ ಕುರ್ಚಿ ಬೇರೆಯವರ ಪಾಲು.

ಆ ಹುಡುಗ ಒರಟನಲ್ಲ, ಬೆಳಗ್ಗಿನಿಂದ ನಿಂತು ಸುಸ್ತಾದವನು. ಆದರೆ ಆ ಎರಡು ಶಬ್ದಗಳಷ್ಟು ಕೆಟ್ಟ ಉತ್ತರ ಇನ್ನೊಂದಿಲ್ಲ. ಎಷ್ಟು ಹೊತ್ತೆಂದು ಗೊತ್ತಿಲ್ಲದಾಗ, ತಡ ಯಾಕೆಂದು ಹೇಳದಾಗ, ಹಿಂದೆ ಬಂದವರು ಮುಂದೆ ಹೋದಾಗ ಕಾಯುವುದು ಇದ್ದುದಕ್ಕಿಂತ ಉದ್ದ ಅನಿಸುತ್ತದೆ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದಾರೆ. ಇಲ್ಲಿ ಮೂರೂ ಒಟ್ಟಿಗೇ ಇದ್ದವು.

ಅಂದಾಜು ಹೇಳಲು ಕಂಪ್ಯೂಟರು ಬೇಡ. ಹತ್ತು ನಿಮಿಷದಲ್ಲಿ ಐವರು ಒಳಹೋದರೆ ತಲೆಗೆ ಎರಡು ನಿಮಿಷ; ಮುಂದೆ 30 ಮಂದಿ ಇದ್ದರೆ ಒಂದು ಗಂಟೆ. 1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸರತಿಯ ಸೂತ್ರದ ತಿರುಳೂ ಇದೇ. ಹೇಳುವಾಗ ಒಂದೂಕಾಲು ಗಂಟೆ ಎನ್ನಿ. ಬೇಗ ಕರೆದರೆಂದು ಯಾರೂ ಜಗಳಕ್ಕೆ ಬರುವುದಿಲ್ಲ.

ಚೀಟಿ ಕೊಡುವಲ್ಲಿ ಮೂರು ಕಿಟಕಿಗೆ ಮೂರು ಸಾಲು. ಒಂದರಲ್ಲಿ ಚಿಲ್ಲರೆಯ ತಕರಾರು ಎದ್ದರೆ ಆ ಸಾಲಿನವರ ಗ್ರಹಚಾರ. ಹಗ್ಗ ಕಟ್ಟಿ ಒಂದೇ ಸಾಲು ಮಾಡಿದರೆ ಮೊದಲು ಬಂದವರಿಗೆ ಮೊದಲು ಕಿಟಕಿ. ಆದರೆ ಸಾಲಿನ ತಲೆಯಲ್ಲಿ ನಿಂತವರಿಗೆ ಮೂರೂ ಕಿಟಕಿ ಕಾಣಬೇಕು, ಇಲ್ಲವಾದರೆ ಕೊನೆಯದ್ದು ಖಾಲಿ ಕೂರುತ್ತದೆ. "ಒಂದೇ ಒಂದು ಡೌಟು" ಎಂದು ಬದಿಯಿಂದ ನುಗ್ಗುವವರಿಗೆ ಬೇರೆ ಮೇಜು ಇರಲಿ.

ಹಗ್ಗದಿಂದ ಆಗದ್ದೂ ಉಂಟು. ಸರತಿಯ ಸಾದಾ ಲೆಕ್ಕದಲ್ಲಿ, ಒಂದು ಕಿಟಕಿಗೆ ಅದರ ಶಕ್ತಿಯ ನೂರಕ್ಕೆ 80ರಷ್ಟು ಕೆಲಸವಿದ್ದರೆ ಅಲ್ಲಿ ಸರಾಸರಿ 4 ಮಂದಿ ಇರುತ್ತಾರೆ, 95 ಆದರೆ 19. ಸೋಮವಾರ ಜನ ತುಸು ಹೆಚ್ಚಾದರೂ ಸಾಲು ಗೇಟು ಮುಟ್ಟುವುದು ಇದಕ್ಕೇ. ಇನ್ನೊಂದು ಕಿಟಕಿಯನ್ನು ಎಂಟಕ್ಕೇ ತೆರೆಯಬೇಕು, ಗಲಾಟೆ ಎದ್ದ ಮೇಲಲ್ಲ.

ಬಾಗಿಲಿಗೆ ಒಂದು ಬಿಳಿ ಬೋರ್ಡು ಸಾಕು: ಅಂಗೈಯಗಲದ ಅಂಕಿ, ಕೆಳಗೆ ಡಾಕ್ಟರು ವಾರ್ಡಿಗೆ ಹೋಗಿದ್ದರೆ ಆ ಸುದ್ದಿ, ಎರಡೂ ಭಾಷೆಯಲ್ಲಿ. ಬರೆಯುವ ಕೆಲಸ ಕೂಗುವವನದ್ದೇ ಆಗಲಿ, ಮೊದಲು ಬರೆದು ಆಮೇಲೆ ಕೂಗಲಿ. ಬೇರೆಯವರಿಗೆ ವಹಿಸಿದರೆ ಹನ್ನೊಂದಕ್ಕೂ ಒಂಬತ್ತು ಗಂಟೆಯ ನಂಬ್ರವೇ ಅಲ್ಲಿರುತ್ತದೆ.